ಟವೆಲ್ ಹಾಕಿದ ವಿಮಾನ

ಹುಬ್ಬಳ್ಳಿಯ ಒಂದು ಪುಟ್ಟ ವಿಮಾನ ಕಂಪನಿಗೆ ಒಮ್ಮೆ ಬಂದ ಪ್ರಯಾಣಿಕ ಮತ್ತೆ ಬರುತ್ತಿರಲಿಲ್ಲ.

"ಹೋದವರೆಲ್ಲ ಮತ್ತೆ ಬರುವಂತೆ ಮಾಡು. ಇಲ್ಲದಿದ್ದರೆ ನೀನೂ ಕೆಲಸಕ್ಕೆ ಬರಬೇಡ" ಎಂದು ಮಾಲೀಕರು ಕೌಂಟರಿನ ಬಸಲಿಂಗವ್ವನ ಮೇಲೆ ಗುಡುಗಿದರು.

ಮುಂದಿನ ವಾರ ಬೆಂಗಳೂರಿಗೆ ಹೊರಟ ಮಾಲೀಕರು ಎಲ್ಲರಿಗಿಂತ ಮೊದಲೇ ವಿಮಾನ ಹತ್ತಿದರು. ಸೀಟು ಸೀಟಿನ ಮೇಲೂ ಟವೆಲ್, ಕರ್ಚೀಫು. ಒಂದರ ಮೇಲೆ ಮಂಕಿಟೋಪಿ.

"ಏನಿದು? ಬಟ್ಟೆ ಒಣಹಾಕಿದ್ದೀಯಾ?" ಎಂದು ವಿಮಾನದ ಬಾಗಿಲಲ್ಲಿ ನಿಂತಿದ್ದ ಬಸಲಿಂಗವ್ವನನ್ನು ಕೇಳಿದರು.

"ಇಲ್ರೀ ಸಾಹೇಬ್ರ. ಮಂದಿ ಇಳಿಯೋವಾಗ, ಮುಂದಿನ ಸಲಕ್ಕ ಟವೆಲ್ ಹಾಕಿ ಹೋಗ್ರಿ ಅಂದೆ. ಬಸ್ಸಿನ್ಯಾಗ ಎಲ್ಲಾರೂ ಹಾಕ್ತಾರಲ್ರೀ?"

"ಹಾಕಿದವರು ಬರದಿದ್ದರೆ?"

"ತಮ್ಮ ಟವೆಲ್ ಮ್ಯಾಲ ಇನ್ನೊಬ್ಬ ಕೂತ್ರ ನಮ್ಮ ಮಂದಿ ಸುಮ್ನಿರ್ತಾರೇನ್ರೀ?"

ಮಾಲೀಕರಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಜನ ತಳ್ಳಾಡುತ್ತಾ ನುಗ್ಗಿದರು. ತಮ್ಮ ತಮ್ಮ ಟವೆಲ್ ಎತ್ತಿ ಕೂತರು. ಮಾಲೀಕರಿಗೇ ಸೀಟು ಉಳಿಯಲಿಲ್ಲ.

ಅವರು ಬಾಗಿಲಲ್ಲಿ ಕಕ್ಕಾಬಿಕ್ಕಿಯಾಗಿ ನಿಂತರು. ಆಮೇಲೆ ಕೊರಳಿನ ಟೈ ಬಿಚ್ಚಿ ಬಸಲಿಂಗವ್ವನ ಕೈಗಿಟ್ಟರು.

"ನಾಳೆ ಕಿಟಕಿ ಪಕ್ಕ ಇದನ್ನೊಂದು ಹಾಕಿಡವ್ವಾ."