ಮೂರನೆಯ ಸಾಲಿನ ಕೋಶಗಳು

ಹಾವನೂರ ಮೇಡಂ ಅವರ ಪ್ರಯೋಗಾಲಯಕ್ಕೆ ಫಕೀರೇಶ ಬಂದು ನಾಲ್ಕು ವರ್ಷವಾಗಿತ್ತು.

ಮೀನಿನ ಮರಿಯ ಚರ್ಮಕ್ಕೆ ಸೂಜಿಮೊನೆಯಷ್ಟು ಗಾಯವಾದರೂ ಸಾಕು, ಸುತ್ತಲಿನ ಜೀವಕೋಶಗಳು ಸರಿದುಬಂದು ಅದನ್ನು ಮುಚ್ಚುತ್ತವೆ. ಯಾವ ಕೋಶ ಯಾವುದನ್ನು ಎಷ್ಟು ಬಲದಿಂದ ಎಳೆಯುತ್ತದೆ ಎಂದು ಸೂಕ್ಷ್ಮದರ್ಶಕದ ವಿಡಿಯೋ ನೋಡಿ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವುದು ಅವನ ಕೆಲಸ.

ಆ ಲೆಕ್ಕವನ್ನು ಹೋಲಿಸಿ ನೋಡಬೇಕಿದ್ದದ್ದು ಮೇಡಂ ಅವರದೇ ಸಮೀಕರಣದ ಜೊತೆ. ಗಾಯದ ಅಂಚಿನ ಕೋಶಗಳು ಎಳೆಯುತ್ತವೆ, ಹಿಂದಿನವು ಹಿಂಬಾಲಿಸುತ್ತವೆ ಎಂದು ಅದು ಹೇಳುತ್ತಿತ್ತು. ಹದಿನೆಂಟು ವರ್ಷಗಳಿಂದ ಅದಕ್ಕೆ ಅವರ ಹೆಸರೇ ಇತ್ತು.

ಡಾಕ್ಟರೇಟಿಗಾಗಿ ಪ್ರಬಂಧ ಸಲ್ಲಿಸುವ ಮುನ್ನ ಫಕೀರೇಶ ಕೊನೆಯ ನಕ್ಷೆಯನ್ನು ಅವರ ಮುಂದಿಟ್ಟ. ಲೆಕ್ಕ ಸಮೀಕರಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತ್ತು.

ಮೇಡಂ ಬಹಳ ಹೊತ್ತು ನೋಡಿದರು.

“ವಿಡಿಯೋದಾಗ ಎಷ್ಟು ಕೋಶ ಇದ್ವು?”

“ಆರನೂರಾ ಹನ್ನೆರಡು ರೀ, ಮೇಡಂ.”

“ಇಲ್ಲಿ?”

ಫಕೀರೇಶ ತಲೆ ತಗ್ಗಿಸಿದ.

“ಐನೂರಾ ಎಪ್ಪತ್ತೊಂದು. ಗಾಯದಿಂದ ಮೂರನೇ ಸಾಲಿನಾಗ ಒಂದಿಷ್ಟು ಕೋಶ ಅಂಚಿನವುಕ್ಕಿಂತ ಮೊದಲೇ ಹೊಂಟಂಗ ಕಂಡ್ವು. ಪ್ರೋಗ್ರಾಮಿಂದೇ ತಪ್ಪು ಅಂತ ತಗದ್ಹಾಕಿದೆ.”

“ತಪ್ಪು ಪ್ರೋಗ್ರಾಮಿಂದು ಅಂತ ಹೆಂಗ ಗೊತ್ತಾತು?”

“ಸಮೀಕರಣಕ್ಕ ಹೊಂದಲಿಲ್ಲರೀ.”

ಅವರು ಬೈಯಲಿಲ್ಲ. ವಿಡಿಯೋದ ಒಂದೊಂದು ಚಿತ್ರವನ್ನೂ ಕಾಗದದ ಮೇಲೆ ಮುದ್ರಿಸಿ ತಂದರು. ಜೊತೆಗೆ ಪಾರದರ್ಶಕ ಹಾಳೆ, ಒಂದು ಸ್ಕೆಚ್ ಪೆನ್.

“ಕಂಪ್ಯೂಟರ್ ಬಂದ್ ಮಾಡು. ಆ ನಲವತ್ತೊಂದರ ಹಾದಿ ನಿನ್ನ ಕೈಯಿಂದ ಬರಿ.”

ಐದು ದಿನ ಹಿಡಿಯಿತು. ಮೊದಲ ದಿನ ಅವನಿಗೆ ಅದು ಶಿಕ್ಷೆ ಅನ್ನಿಸಿತು. ಮೂರನೆಯ ದಿನದ ಹೊತ್ತಿಗೆ ಒಂದೊಂದು ಕೋಶವೂ ಪರಿಚಯವಾಗಿತ್ತು. ಒಂದು ಉದ್ದಕ್ಕೆ ಚಾಚಿಕೊಳ್ಳುತ್ತಿತ್ತು. ಇನ್ನೊಂದು ಅಕ್ಕಪಕ್ಕದವುಗಳ ನಡುವೆ ತೂರಿಕೊಳ್ಳುತ್ತಿತ್ತು. ಅಂಚಿನಲ್ಲಿ ಏನೂ ಅಲುಗಾಡದಿದ್ದಾಗಲೇ ಅವು ಹೊರಟು, ಮುಂದಿನವನ್ನು ನೂಕುತ್ತಿದ್ದವು. ನೋಡುತ್ತಾ ನೋಡುತ್ತಾ ಫಕೀರೇಶ ಊಟ ಮರೆತ.

ಐದನೆಯ ದಿನ ಹಾಳೆ ಹಿಡಿದು ಬಂದು ನಿಂತ.

“ಅವು ಖರೇನ ಮೊದಲು ಹೊಂಟಾವ್ರೀ. ಹಿಂದಿನಿಂದ ನೂಕ್ತಾವ.”

“ಅಂದ್ರ?”

“ಅಂದ್ರ… ಸಮೀಕರಣ…”

“ಬಾಯಿಬಿಟ್ಟು ಹೇಳು.”

“ತಪ್ಪೈತ್ರಿ, ಮೇಡಂ.”

ಮೇಡಂ ಹಾಳೆ ತೆಗೆದುಕೊಂಡು ಒಂದೊಂದು ಗೆರೆಯ ಮೇಲೂ ಬೆರಳಾಡಿಸಿದರು. ಅವರ ಮುಖದಲ್ಲಿ ಫಕೀರೇಶ ಬೇಸರ ಹುಡುಕಿದ. ಸಿಗಲಿಲ್ಲ. ಆ ಕಣ್ಣುಗಳು ಹೊಸ ಊರಿಗೆ ಬಂದಿಳಿದವರ ಹಾಗೆ ಅರಳಿದ್ದವು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಎಂ.ಎಸ್ಸಿ. ತರಗತಿಗೆ ಆ ದಿನ ಅವರು ಅದೇ ಸಮೀಕರಣದ ಪಾಠ ಮಾಡಬೇಕಿತ್ತು.

“ನಡಿ,” ಎಂದರು.

ತರಗತಿಯ ಬಾಗಿಲಲ್ಲಿ ಸೀಮೆಸುಣ್ಣವನ್ನು ಅವನ ಕೈಗಿಟ್ಟು, ಹಿಂದಿನ ಬೆಂಚಿಗೆ ಹೋಗಿ ನೋಟ್‌ಬುಕ್ ತೆರೆದು ಕುಳಿತರು.

ಫಕೀರೇಶ ಹಲಗೆಯ ಮೇಲೆ ಸಮೀಕರಣ ಬರೆದ. ವಿದ್ಯಾರ್ಥಿಗಳ ತಲೆಗಳಾಚೆ ಅವರ ನರೆತ ಕೂದಲು ಕಾಣುತ್ತಿತ್ತು.

“ಇದರಲ್ಲಿ,” ಎಂದ ಅವನು ಕೊನೆಗೆ, “ಒಂದು ಸಣ್ಣ ಕೊರತೆ ಇದೆ.”

ಹಿಂದಿನ ಬೆಂಚಿನಲ್ಲಿ ಮೇಡಂ ಅವರ ಕೈ ಮೇಲೆದ್ದಿತು.

“ಸಣ್ಣದು ಅಂದ್ರಿ, ಸರ್. ಎಷ್ಟು ಸಣ್ಣದು ಅಂತ ಅಳದು ತೋರಸ್ರಿ.”