ತಮ್ಮನ ತಿಳಿಗುಲಾಬಿ ಕುಲಾವಿ

ಕಣ್ಣು ಅರ್ಧ ಮುಚ್ಚಿ. ಪೂರ್ತಿ ಬೇಡ, ಕಥೆ ಕಾಣಿಸಲ್ಲ!

ಸಂಗಿಗೆ ಒಬ್ಬ ಪುಟ್ಟ ತಮ್ಮ. ತಮ್ಮನಿಗೆ ಒಂದು ಕುಲಾವಿ. ತಿಳಿಗುಲಾಬಿ ಬಣ್ಣದ ಕುಲಾವಿ. ತಲೆಗೆ ಹಾಕಿದರೆ ಸಾಕು, ತಮ್ಮನಿಗೆ ನಿದ್ದೆ.

ಸಂಗಿ ಕುಲಾವಿ ಒಗೆದಳು. ಉಜ್ಜಿ ಉಜ್ಜಿ ಒಗೆದಳು. ಬಣ್ಣವೆಲ್ಲ ಹಳ್ಳದ ನೀರಲ್ಲಿ ಹೋಯಿತು! ಕುಲಾವಿ ಬೆಳ್ಳಗಾಯಿತು. ತಮ್ಮ ನೋಡಿದ. ಊಹೂಂ ಅಂದ. ಅತ್ತ. ಮಲಗಲೇ ಇಲ್ಲ. ಪಾಪ, ಸಂಗಿಗೂ ಅಳು ಬಂತು.

ಬಟ್ಟೆಗೆ ಬಣ್ಣ ಹಾಕುವ ಈರಜ್ಜನ ಹತ್ತಿರ ಹೋದಳು.

"ಅಜ್ಜಾ, ಅಜ್ಜಾ, ತಿಳಿಗುಲಾಬಿ ಕೊಡು."

"ನನ್ನ ಹಂಡೆ ತುಂಬ ಕಡುಗೆಂಪು, ಕೂಸೇ. ತಿಳಿ ಬಣ್ಣ ಬರೋದು ಕೊನೆಗೆ. ಯಾರಾದರೂ ಅದ್ದಿ ಅದ್ದಿ ಕೆಂಪು ತಗೊಂಡು ಹೋಗಲಿ."

ಬೆಕ್ಕಿನ ಮರಿ ಹತ್ತಿರ ಹೋದಳು.

"ಮರಿಬೆಕ್ಕೇ, ಮೂಗು ಅದ್ದು. ಹಂಡೆ ತಿಳಿಯಾಗಲ್ಲ, ತಮ್ಮ ಮಲಗಲ್ಲ."

"ಅಯ್ಯೋ, ಭಯ! ಪಾರಿವಾಳ ಕಾಲು ಅದ್ದಲಿ. ಆಮೇಲೆ ನಾನು."

ಪಾರಿವಾಳದ ಹತ್ತಿರ ಹೋದಳು.

"ಪಾರಿವಾಳಕ್ಕಾ, ಕಾಲು ಅದ್ದು. ಮರಿಬೆಕ್ಕು ಮೂಗು ಅದ್ದಲ್ಲ, ಹಂಡೆ ತಿಳಿಯಾಗಲ್ಲ, ತಮ್ಮ ಮಲಗಲ್ಲ."

"ಅಯ್ಯೋ, ಚಳಿ! ಗಿಳಿ ಕೊಕ್ಕು ಅದ್ದಲಿ. ಆಮೇಲೆ ನಾನು."

ಗಿಳಿ ಹತ್ತಿರ ಹೋದಳು.

"ಗಿಳಿಯಮ್ಮಾ, ಕೊಕ್ಕು ಅದ್ದು. ಪಾರಿವಾಳ ಕಾಲು ಅದ್ದಲ್ಲ, ಮರಿಬೆಕ್ಕು ಮೂಗು ಅದ್ದಲ್ಲ, ಹಂಡೆ ತಿಳಿಯಾಗಲ್ಲ, ತಮ್ಮ ಮಲಗಲ್ಲ."

"ಅಯ್ಯೋ, ನಾಚಿಕೆ! ಹುಂಜ ಜುಟ್ಟು ಅದ್ದಲಿ. ಆಮೇಲೆ ನಾನು."

ನೋಡಿ, ಎಲ್ಲರಿಗೂ ಆಮೇಲೆ! ಮೊದಲು ಯಾರು?

ಹುಂಜದ ಹತ್ತಿರ ಹೋದಳು.

"ಹುಂಜಪ್ಪಾ, ಜುಟ್ಟು ಅದ್ದು. ಗಿಳಿ ಕೊಕ್ಕು ಅದ್ದಲ್ಲ, ಪಾರಿವಾಳ ಕಾಲು ಅದ್ದಲ್ಲ, ಮರಿಬೆಕ್ಕು ಮೂಗು ಅದ್ದಲ್ಲ, ಹಂಡೆ ತಿಳಿಯಾಗಲ್ಲ, ತಮ್ಮ ಮಲಗಲ್ಲ."

"ಹಾಗಾದರೆ ನಾನೇ ಮೊದಲಾ?"

"ಹೂಂ, ನೀನೇ ಮೊದಲು."

"ಕೊಕ್ಕೊಕ್ಕೋ! ಮೊದಲು ಅಂದರೆ ನನಗಿಷ್ಟ!"

ಹುಂಜ ಜುಟ್ಟು ಅದ್ದಿತು. ಜುಟ್ಟು ಕಡುಗೆಂಪು. ಹಂಡೆ ಸ್ವಲ್ಪ ತಿಳಿ.

ಗಿಳಿ ಕೊಕ್ಕು ಅದ್ದಿತು. ಕೊಕ್ಕು ಕೆಂಪು. ಹಂಡೆ ಇನ್ನೂ ತಿಳಿ.

ಪಾರಿವಾಳ ಕಾಲು ಅದ್ದಿತು. ಕಾಲು ಗುಲಾಬಿ. ಹಂಡೆ ಮತ್ತೂ ತಿಳಿ.

ಮರಿಬೆಕ್ಕು ಮೂಗು ಅದ್ದಿತು. ಆಕ್ಷೀ! ಮೂಗು ನಸುಗುಲಾಬಿ. ಹಂಡೆ ತಿಳಿ, ತಿಳಿ, ತಿಳಿ.

ಕೊನೆಗೆ ಸಂಗಿ ಕುಲಾವಿ ಅದ್ದಿದಳು. ಮೆಲ್ಲಗೆ ಎತ್ತಿದಳು. ತಿಳಿಗುಲಾಬಿ!

ಉಳಿದ ನೀರನ್ನು ಈರಜ್ಜ ಮೇಲಕ್ಕೆ ಎರಚಿದ. ಸಂಜೆಯ ಮೋಡಗಳೂ ತಿಳಿಗುಲಾಬಿ ಉಟ್ಟವು.

ಸಂಗಿ ತಮ್ಮನಿಗೆ ಕುಲಾವಿ ಹಾಕಿದಳು. ತಮ್ಮ ಮುಟ್ಟಿ ನೋಡಿದ. ನಕ್ಕ. ಆಕಳಿಸಿದ.

ಶ್... ತಮ್ಮ ಮಲಗಿದ.