ಲಾಯದಲ್ಲಿ ಕಟ್ಟಿದ ಹರಿಗೋಲು

"ನನ್ನ ಚಾಕರಿಗೆ ಬಂದವರ ವಾಹನ ಹಸಿದುಕೊಂಡು ವಾಪಸ್ಸು ಹೋಗಿದ್ದನ್ನು ಯಾರಾದರೂ ಕಂಡಿದ್ದೀರಾ?" ಎಂದು ದೊರೆ ಗೋಣಿಬಸಪ್ಪ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಇಲ್ಲ, ಇಲ್ಲ ಎಂದು ತಲೆಗಳೆಲ್ಲ ಅಲ್ಲಾಡಿದವು. ಎಲ್ಲಕ್ಕಿಂತ ಜೋರಾಗಿ ಅಲ್ಲಾಡಿದ್ದು ಭಂಡಾರಿ ತಮ್ಮಣ್ಣಯ್ಯನ ತಲೆ. ಕುದುರೆ ಏರಿ ಬರುವ ಅಧಿಕಾರಿಗಳಿಗೆ ಅರಮನೆಯಿಂದ ಲಾಯ, ಹುಲ್ಲು, ಹುರುಳಿ ಎಲ್ಲ ಸಿಗುತ್ತಿತ್ತು. ಹಂಚುವವನು ಅವನೇ; ತನ್ನ ಕುದುರೆಯ ಪಾಲನ್ನೂ ತಪ್ಪದೆ ಅಳೆದುಕೊಳ್ಳುತ್ತಿದ್ದ. ಅವನ ಮನೆ ಅರಮನೆಯ ಗೋಡೆಗೇ ಅಂಟಿಕೊಂಡಿತ್ತು. ಸಂಜೆಯಾದರೆ ಅಲ್ಲಿಂದ ಹುರುಳಿ ಸಾರಿನ ಒಗ್ಗರಣೆ ಘಮ್ಮೆನ್ನುತ್ತಿತ್ತು.

ದೊರೆಯ ಪಕ್ಕದಲ್ಲಿ ನಿಂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ ಕೆಂಚವ್ವ ಮಾತ್ರ ತಲೆ ಅಲ್ಲಾಡಿಸಲಿಲ್ಲ. ಅವಳ ಸೀರೆ ಮೊಣಕಾಲ ತನಕ ಒದ್ದೆ.

ಅವಳ ಮನೆ ಹೊಳೆಯ ಆಚೆ ದಡದಲ್ಲಿ. ದಿನಾ ಹರಿಗೋಲಿನ ಕೂಲಿ ಕೊಟ್ಟರೆ ಒಲೆ ಹೊತ್ತಿಸಲು ಏನೂ ಉಳಿಯದು. ಅದಕ್ಕೇ ಕೂಸಿಗೆ ಹಾಲೂಡಿಸಿ, ಅತ್ತೆಯ ಮಡಿಲಿಗೆ ಹಾಕಿ, ನೀರು ಕಮ್ಮಿ ಇರುವ ಕಡೆಗೆ ಸುತ್ತಿ ಬಂದು ಹೊಳೆ ದಾಟುತ್ತಿದ್ದಳು. ತಡವಾಗುತ್ತಿತ್ತು. ಆ ಬೆಳಗ್ಗೆ ದೊರೆ ಸಿಡುಕಿದ್ದ: "ಇನ್ನೊಂದು ಸಲ ತಡವಾದರೆ ಬೇರೆ ಯಾರಾದರೂ ಎಲೆ ಮಡಿಸುತ್ತಾರೆ."

ಹರಿಗೋಲಿನ ಕೂಲಿ ಕೊಡಿಸಿ ಎಂದು ಭಂಡಾರಿಯನ್ನು ಕೇಳಿದ್ದಕ್ಕೆ, "ಅರಮನೆ ಹುರುಳಿ ಇರೋದು ವಾಹನಕ್ಕೆ ಕಣೇ. ನಿನಗೂ ಮೇವು ಹಾಕಬೇಕಾ?" ಎಂದು ಹಲ್ಲು ಕಿರಿದಿದ್ದ.

ಈಗ ಕೆಂಚವ್ವ ಮೆಲ್ಲಗೆ ಕೇಳಿದಳು. "ಯಾವ ವಾಹನಕ್ಕಾದರೂ ಮೇವು ಉಂಟಾ, ದೊರೆಗಳೇ?"

"ಉಂಟು."

"ಕೊಂಬಿದ್ದರೆ?"

"ಇರಲಿ."

"ಬಾಲ ಇಲ್ಲದಿದ್ದರೆ?"

"ಬಾಲಕ್ಕೆ ಯಾರು ಮೇವು ಹಾಕುತ್ತಾರೆ? ನನ್ನ ಆಳನ್ನು ಹೊತ್ತು ತಂದರೆ ಸಾಕು, ಮೇವು ನನ್ನದು. ಇದು ನನ್ನ ಮಾತು!"

"ಎಲ್ಲರೂ ಕೇಳಿಸಿಕೊಂಡಿರಲ್ಲ?" ಎಂದು ಕೆಂಚವ್ವ ವೀಳ್ಯ ಮುಂದೆ ಹಿಡಿದಳು.

ಸಂಜೆ ದಡದಲ್ಲಿ ಅಂಬಿಗರ ಹುಲುಗಪ್ಪನನ್ನು ಹಿಡಿದಳು. "ಅಣ್ಣಾ, ನಾಳೆ ನನ್ನನ್ನು ದಾಟಿಸಿ, ಹರಿಗೋಲು ಹೊತ್ಕೊಂಡು ಅರಮನೆಗೆ ಬಾ."

"ಯಾಕವ್ವಾ, ಅರಮನೆಗೆ ಹೊಳೆ ನುಗ್ಗೈತೇನು?"

"ನುಗ್ಗಿಸೋಣ, ಬಾ."

ಮರುದಿನ ಬೆಳಗ್ಗೆ ಬೀದಿಯ ಜನ ಕಂಡದ್ದು ಎರಡು ಕಾಲಲ್ಲಿ ನಡೆಯುವ ಆಮೆಯನ್ನು. ಹುಲುಗಪ್ಪ ಹರಿಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊರಟಿದ್ದ. ಮುಂದೆ ಕೆಂಚವ್ವ. ಇಬ್ಬರೂ ನೇರ ಲಾಯಕ್ಕೆ ಹೋಗಿ, ದಳವಾಯಿಯ ಬಿಳಿ ಕುದುರೆಯ ಪಕ್ಕದಲ್ಲಿ ಹರಿಗೋಲನ್ನು ಗೂಟಕ್ಕೆ ಕಟ್ಟಿದರು. ಕುದುರೆ ಅದನ್ನು ಮೂಸಿ ನೋಡಿ ಒಂದು ಸಲ ಸೀನಿತು.

ಸುದ್ದಿ ಕೇಳಿ ದೊರೆ ಬಂದ. ಹಿಂದೆಯೇ ಭಂಡಾರಿ ಚಪ್ಪಲಿ ಪಟಪಟ ಬಡಿಯುತ್ತಾ ಓಡಿ ಬಂದ.

"ಇದೇನೇ ಇದು?"

"ನನ್ನ ವಾಹನ, ದೊರೆಗಳೇ. ನನ್ನನ್ನು ಹೊತ್ತು ತಂದಿದೆ. ಬಾಲ ಒಂದು ಇಲ್ಲ."

"ಹುರುಳಿ ತಿನ್ನುತ್ತದೋ?"

"ಹಾಕಿ ನೋಡಿ."

ದೊರೆಗೆ ನಗುವೂ ಬಂತು, ಸಿಟ್ಟೂ ಬಂತು. "ಸರಿ, ಒಂದು ಬಳ್ಳ ಹುರುಳಿ ಹಾಕಿರಿ. ನಾಳೆ ಬೆಳಗ್ಗೆಯೊಳಗೆ ತಿಂದು ಮುಗಿಸಬೇಕು. ಮುಗಿಸದಿದ್ದರೆ ನಿನ್ನ ಕೆಲಸ ಮುಗಿಯಿತು."

"ಆಗಲಿ. ಆದರೆ ಓಡಾಡದೆ ಯಾವ ವಾಹನಕ್ಕೆ ಹಸಿವಾಗುತ್ತದೆ? ಹೊಳೆಗೆ ಬಿಡಬೇಕು."

"ಬಿಡು, ನೋಡೋಣ."

ಮರುದಿನ ಕೆಂಚವ್ವ ಹೊತ್ತಿಗೆ ಸರಿಯಾಗಿ ಬಂದಳು. ಸೀರೆ ಒಣಗಿತ್ತು. ಹುಲುಗಪ್ಪ ಸಭೆಯ ನಡುವೆ ಹರಿಗೋಲು ಇಳಿಸಿದ. ಒಂದು ಕಾಳೂ ಉಳಿದಿರಲಿಲ್ಲ.

"ನಿಜ ಹೇಳು, ಯಾರು ತಿಂದರು?" ಎಂದ ದೊರೆ.

"ಹುಲುಗಪ್ಪಣ್ಣನ ಮನೆಯಲ್ಲಿ ಬೇಯಿಸಿ ತಿಂದರು, ದೊರೆಗಳೇ. ಅಣ್ಣ ತಿಂದ, ತೋಳಿಗೆ ಬಲ ಬಂತು. ತೋಳು ಹುಟ್ಟು ಹಾಕಿತು, ಹರಿಗೋಲು ಓಡಿತು. ಅದಕ್ಕೇ ಇವತ್ತು ನನ್ನ ಹತ್ತಿರ ಕೂಲಿ ಕೇಳಲಿಲ್ಲ."

ಭಂಡಾರಿ ಎಗರಿ ನಿಂತ. "ಮೋಸ, ಮಹಾಸ್ವಾಮಿ! ಬಾಯಿಯೇ ಇಲ್ಲದ ಬುಟ್ಟಿ ಅರಮನೆಯ ಹುರುಳಿ ತಿಂತು ಅಂದರೆ ನಂಬೋದು ಹ್ಯಾಗೆ?"

ಕೆಂಚವ್ವ ಒಂದು ವೀಳ್ಯ ಮಡಿಸಿ ಅವನ ಕೈಗಿಟ್ಟಳು.

"ಬಾಯಿ ಇಲ್ಲದಿದ್ದರೂ ನನ್ನ ವಾಹನ ಅರಮನೆ ತನಕ ಬಂದು ತಿಂತು, ಅಯ್ನೋರೇ. ನಿಮ್ಮ ಕುದುರೆ ಬರದೇನೇ ತಿಂತಾ ಇದೆಯಲ್ಲ!"

ದೊರೆಯ ಕಣ್ಣು ಭಂಡಾರಿಯ ಚಪ್ಪಲಿಯ ಮೇಲೆ ಹೋಯಿತು.

"ಹೌದಲ್ಲ, ತಮ್ಮಣ್ಣಯ್ಯ. ನಿನ್ನ ಕುದುರೆಯನ್ನು ನಾನು ಕಂಡೇ ಇಲ್ಲ. ಎಲ್ಲಿದೆ?"

"ಅದು... ಮಾರಿ ಸ್ವಲ್ಪ ಕಾಲವಾಯಿತು, ಮಹಾಸ್ವಾಮಿ."

"ಮಾರಿದ ಮೇಲೂ ಹಸಿವು ನಿಂತಿಲ್ಲವೇ?"

ದೊರೆ ಬಾಯಲ್ಲಿದ್ದ ಎಲೆ ಹೊರಗೆ ಬರುವಷ್ಟು ನಕ್ಕ. ನಕ್ಕು ಸುಸ್ತಾದ ಮೇಲೆ ಅಪ್ಪಣೆ ಮಾಡಿದ. ಹೊಳೆ ದಾಟಿ ಚಾಕರಿಗೆ ಬರುವ ಯಾರ ಹತ್ತಿರವೂ ಅಂಬಿಗರು ಕೂಲಿ ಕೇಳಬಾರದು. ಅಂಬಿಗರಿಗೆ ಅದರ ಬದಲು ಕೊಡುವ ಹುರುಳಿ ಅರಮನೆಯದು. ಮೊದಲ ಮೂಟೆ ಭಂಡಾರಿಯ ಮನೆಯಿಂದಲೇ ಬರಲಿ.

"ನಿನಗೇನು ಬೇಕು, ಕೆಂಚವ್ವಾ?"

"ನನ್ನ ಕೂಸಿನ ಹೊಟ್ಟೆ ತುಂಬುವ ತನಕ ಹರಿಗೋಲು ಕಾಯಬೇಕು, ದೊರೆಗಳೇ."

"ತಡವಾಯಿತೆಂದರೆ?"

"ತಡ ಮಾಡಿದ್ದು ನನ್ನ ವಾಹನ ಅನ್ನುತ್ತೇನೆ. ಬೈಯುವುದಿದ್ದರೆ ಲಾಯಕ್ಕೆ ಹೋಗಿ ಅದನ್ನೇ ಬೈಯಿರಿ."